ಕೊರಿಯಾದ ವಿಶ್ವವಿದ್ಯಾಲಯಗಳಿಗೆ ಕಲಿಕಾ ಶೈಲಿಯ ಪ್ರಶ್ನಾವಳಿ: ಒಲವೋ, ಪರಿಸ್ಥಿತಿಯೋ?

ಮಾನ್ಯ ಅಧ್ಯಾಪಕ ಮಿತ್ರರೇ,

ಕಲಿಕಾ ಶೈಲಿಯನ್ನು, ಅಂದರೆ ಒಬ್ಬರು ಯಾವ ರೀತಿಯಲ್ಲಿ ಕಲಿಯಲು ಇಷ್ಟಪಡುತ್ತಾರೆಂಬುದನ್ನು, ಅಳೆಯಲು ಇಂದು ಹೆಚ್ಚಾಗಿ ಬಳಸುವ ಪ್ರಶ್ನಾವಳಿಗಳಲ್ಲಿ ಹಲವು ಅಮೆರಿಕದಲ್ಲಿ ರೂಪುಗೊಂಡವು. ಡೇವಿಡ್ ಕೋಲ್ಬ್ ಅವರದು 1970ರ ದಶಕದ್ದು, ಜಾಯ್ ರೀಡ್ ಅವರದು 1980ರ ದಶಕದ್ದು. ಇವನ್ನು ಕೊರಿಯನ್ ಭಾಷೆಗೆ ತಂದು ಸೋಲ್‌ನಲ್ಲೋ ಬುಸಾನ್‌ನಲ್ಲೋ ಓದುವವರ ಮುಂದಿಟ್ಟಾಗ, ಬರುವ ಉತ್ತರ ವಿದ್ಯಾರ್ಥಿಯ ಒಲವನ್ನು ತಿಳಿಸುತ್ತದೆಯೋ ಅವರು ಓದುತ್ತಿರುವ ಪರಿಸ್ಥಿತಿಯನ್ನು ತಿಳಿಸುತ್ತದೆಯೋ ಎಂಬುದನ್ನು ಬೇರ್ಪಡಿಸಿ ನೋಡಬೇಕೆಂಬುದು ನನ್ನ ವಾದ.

ರೀಡ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದಲ್ಲಿದ್ದ ಬೇರೆ ಬೇರೆ ಮಾತೃಭಾಷೆಗಳ ವಿದ್ಯಾರ್ಥಿಗಳ ಪೈಕಿ ದೃಶ್ಯ ಕಲಿಕೆಯತ್ತ, ಅಂದರೆ ಕಣ್ಣಿನಿಂದ ನೋಡಿ ಕಲಿಯುವುದರತ್ತ, ಅತಿ ಹೆಚ್ಚು ಒಲವು ತೋರಿದವರು ಕೊರಿಯನ್ನರು. ಆ ಪ್ರಶ್ನಾವಳಿಯಲ್ಲಿ ದೃಶ್ಯ ಕಲಿಕೆಯ ಹೇಳಿಕೆಗಳನ್ನು ಗಮನವಿಟ್ಟು ನೋಡಿದರೆ, ಅವು ಕೇಳುವುದು ಮುಖ್ಯವಾಗಿ ಓದುವುದರ ಬಗ್ಗೆ: ಹಲಗೆಯ ಮೇಲಿನ ಬರಹ, ಪಠ್ಯಪುಸ್ತಕ, ಬರೆದುಕೊಟ್ಟ ಸೂಚನೆ. ಬಹು ಆಯ್ಕೆಯ ಪ್ರಶ್ನೆಗಳೇ ಪ್ರಧಾನವಾದ, ಪ್ರತಿ ನವೆಂಬರ್‌ನಲ್ಲಿ ನಡೆಯುವ ಸುನುಂಗ್ ಪ್ರವೇಶ ಪರೀಕ್ಷೆಗಾಗಿ ವರ್ಷಗಟ್ಟಲೆ ಮುದ್ರಿತ ಪುಟಗಳೊಡನೆ ಬದುಕಿದ ಯುವಕ ಯುವತಿಯರು ಈ ಹೇಳಿಕೆಗಳನ್ನು ಒಪ್ಪುವುದರಲ್ಲಿ ಆಶ್ಚರ್ಯವಿಲ್ಲ. ಅದನ್ನು ಮನಸ್ಸಿನ ಸ್ಥಿರ ಗುಣವೆಂದು ದಾಖಲಿಸುವುದು ಆತುರದ ತೀರ್ಮಾನ. ಚಿತ್ರ, ನಕ್ಷೆ, ರೇಖಾಚಿತ್ರಗಳಿಗೆ ಸಂಬಂಧಿಸಿದ ಹೇಳಿಕೆಗಳನ್ನು ಪ್ರತ್ಯೇಕವಾಗಿ ಸೇರಿಸದೆ ದೃಶ್ಯ ಎಂಬ ಹೆಸರನ್ನು ಉಳಿಸಿಕೊಳ್ಳಬಾರದು.

ಗುಂಪು ಕಲಿಕೆಯ ಹೇಳಿಕೆಗಳು ಇನ್ನೂ ಸೂಕ್ಷ್ಮ. ಕೊರಿಯಾದ ಹಲವು ವಿಶ್ವವಿದ್ಯಾಲಯಗಳಲ್ಲಿ ಸಾಪೇಕ್ಷ ಶ್ರೇಣಿ ಪದ್ಧತಿಯಿದೆ. ತರಗತಿಯ ಇಂತಿಷ್ಟು ಭಾಗಕ್ಕೆ ಮಾತ್ರ ಉನ್ನತ ಶ್ರೇಣಿ ಸಿಗುತ್ತದೆ. ಅಂಥ ಕಡೆ ಇಡೀ ತಂಡಕ್ಕೆ ಒಂದೇ ಅಂಕ ಕೊಡುವ ಯೋಜನಾಕಾರ್ಯವನ್ನು ಬೇಡವೆನ್ನುವ ವಿದ್ಯಾರ್ಥಿನಿ, ಸಹಪಾಠಿಗಳೊಡನೆ ಕಲಿಯುವುದನ್ನೇ ಬೇಡವೆನ್ನುತ್ತಿದ್ದಾಳೆಂದು ಹೇಳಲಾಗದು. ಕೆಲಸ ಮಾಡದವರ ಪಾಲಿನ ಭಾರ ತನ್ನ ಶ್ರೇಣಿಯ ಮೇಲೆ ಬೀಳುತ್ತದೆಂಬ ಅಂಜಿಕೆ ಆ ಉತ್ತರದಲ್ಲಿರಬಹುದು. ಸುಮಾರು ಒಂದೂವರೆ ವರ್ಷದ ಕಡ್ಡಾಯ ಸೇನಾಸೇವೆ ಮುಗಿಸಿ ಮರಳಿದ ಹಿರಿಯರೂ ಹೊಸದಾಗಿ ಸೇರಿದ ಕಿರಿಯರೂ ಒಂದೇ ತಂಡದಲ್ಲಿರುವಾಗ ಯಾರು ಮೊದಲು ಮಾತಾಡಬೇಕು, ಯಾರು ಯಾರನ್ನು ತಿದ್ದಬಹುದು ಎಂಬುದರ ಮೇಲೂ ವಯಸ್ಸಿನ ಅಂತರದ ನೆರಳಿರುತ್ತದೆ. ಹಾಗಾಗಿ ಅಂಕವಿರುವ ಗುಂಪು, ಅಂಕವಿಲ್ಲದ ಗುಂಪು, ಗೆಳೆಯರೇ ಕೂಡಿಕೊಂಡ ಓದಿನ ಗುಂಪು ಇವನ್ನು ಬೇರೆ ಬೇರೆ ಹೇಳಿಕೆಗಳಾಗಿ ಒಡೆಯಬೇಕು.

ಅನುವಾದವನ್ನು ಮತ್ತೊಬ್ಬರಿಂದ ಮೂಲಭಾಷೆಗೆ ಮರಳಿಸಿ ಹೋಲಿಸುವ ವಿಧಾನವನ್ನು ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವಿವರಿಸಿದರು. ಅದು ಅಗತ್ಯ, ಆದರೆ ಸಾಲದು. ವಾಕ್ಯ ಯಥಾವತ್ತಾಗಿ ಮರಳಿ ಬಂದರೂ ಅದು ವರ್ಣಿಸುವ ಸನ್ನಿವೇಶ ಅಲ್ಲಿನ ತರಗತಿಯಲ್ಲಿ ಇಲ್ಲದಿರಬಹುದು. ಕೆಲವು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು, ಪ್ರತಿ ಹೇಳಿಕೆ ಓದಿದಾಗ ಯಾವ ತರಗತಿ, ಯಾವ ಅಧ್ಯಾಪಕರು ನೆನಪಾದರೆಂದು ಕೇಳಿದರೆ ತಿಳಿಯುವಷ್ಟು ಬೇರಾವುದರಿಂದಲೂ ತಿಳಿಯದೆಂಬುದು ನನ್ನ ದೃಢ ಅಭಿಪ್ರಾಯ. ಅಂಕಗಣನೆಯಲ್ಲೂ ಎಚ್ಚರ ಬೇಕು: ಕೋಲ್ಬ್ ಪ್ರಶ್ನಾವಳಿಯ 12 ವಾಕ್ಯಗಳ ಆವೃತ್ತಿಯಲ್ಲಿ ಪ್ರತಿ ವಾಕ್ಯದ ನಾಲ್ಕು ಆಯ್ಕೆಗಳನ್ನು 1ರಿಂದ 4ರವರೆಗೆ ಕ್ರಮಪಡಿಸುವುದರಿಂದ ಎಲ್ಲರ ಒಟ್ಟು ಮೊತ್ತವೂ 120 ಆಗುತ್ತದೆ; ಒಂದು ಶೈಲಿಯ ಅಂಕ ಏರಿದರೆ ಇನ್ನೊಂದರದು ಇಳಿಯಲೇಬೇಕು, ಹಾಗಾಗಿ ಒಬ್ಬರ ಅಂಕವನ್ನು ಇನ್ನೊಬ್ಬರದರೊಡನೆ ನೇರವಾಗಿ ಹೋಲಿಸಲು ಅದು ತಕ್ಕುದಲ್ಲ.

ಫಲಿತಾಂಶದ ಬಳಕೆಯೇ ನನ್ನನ್ನು ಹೆಚ್ಚು ಕಾಡುವ ವಿಷಯ. ಬೋಧನೆಯನ್ನು ಶೈಲಿಗೆ ಹೊಂದಿಸಿದರೆ ಕಲಿಕೆ ಹೆಚ್ಚುತ್ತದೆಂಬ ನಂಬಿಕೆಗೆ ಸಾಕಷ್ಟು ಪುರಾವೆಯಿಲ್ಲವೆಂದು ಹೆರಾಲ್ಡ್ ಪ್ಯಾಷ್ಲರ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದ್ದಾರೆ. ವ್ಯಕ್ತಿತ್ವವನ್ನು ಬಗೆಗಳಾಗಿ ವಿಂಗಡಿಸುವ ಎಂಬಿಟಿಐ ಪರೀಕ್ಷೆಯ ನಾಲ್ಕಕ್ಷರಗಳಿಂದ ತಮ್ಮನ್ನು ಪರಿಚಯಿಸಿಕೊಳ್ಳುವುದು ಕೊರಿಯಾದ ಯುವಜನರಲ್ಲಿ ಈಗಾಗಲೇ ರೂಢಿಯಾಗಿರುವಾಗ, ನಾವು ಇನ್ನೊಂದು ಹಣೆಪಟ್ಟಿಯನ್ನು ಕೊಡುವುದು ತರವಲ್ಲ. ವಿದ್ಯಾರ್ಥಿಗೆ ಕೊಡುವ ವರದಿಯಲ್ಲಿ ಶೈಲಿಯ ಹೆಸರನ್ನು ಬಿಟ್ಟು, ಯಾವ ಅಭ್ಯಾಸ ಯಾವ ವಿಷಯದಲ್ಲಿ ನೆರವಾಗುತ್ತಿದೆ, ಯಾವುದನ್ನು ಇನ್ನೂ ಪ್ರಯತ್ನಿಸಿಲ್ಲ ಎಂಬುದನ್ನಷ್ಟೇ ಬರೆಯೋಣ. ಮಾರ್ಚ್‌ನಲ್ಲಿ ಶೈಕ್ಷಣಿಕ ವರ್ಷ ಆರಂಭವಾದಾಗ ಸಿಗುವ ಉತ್ತರಗಳು ಬಹುಮಟ್ಟಿಗೆ ಪ್ರೌಢಶಾಲೆಯ ಅನುಭವದಿಂದ ಬಂದವು. ಆದ್ದರಿಂದ ಅದೇ ಪ್ರಶ್ನಾವಳಿಯನ್ನು ಎರಡನೆಯ ಸೆಮಿಸ್ಟರ್‌ನಲ್ಲಿ ಮತ್ತೆ ಕೊಟ್ಟು, ಎರಡು ಉತ್ತರಪತ್ರಿಕೆಗಳನ್ನೂ ವಿದ್ಯಾರ್ಥಿಯ ಕೈಗೇ ಒಪ್ಪಿಸಬೇಕೆಂದು ಕೋರುತ್ತೇನೆ.