ಎಲನ್ ಕಣಿವೆಯಲ್ಲಿ ಒಂದು ನಿಧಾನದ ನಡಿಗೆ

ಮಾನ್ಯರೆ,

ವೇಲ್ಸ್ ಪ್ರವಾಸವೆಂದರೆ ಹೆಚ್ಚಿನವರಿಗೆ ಸ್ನೋಡನ್ ಶಿಖರವೋ ಕಡಲ ದಂಡೆಯ ಕೋಟೆಗಳೋ ನೆನಪಾಗುತ್ತವೆ. ನಾನು ಇಂದು ಹೇಳಹೊರಟಿರುವುದು ಮಧ್ಯ ವೇಲ್ಸಿನ ರೇಯಡರ್ ಎಂಬ ಪುಟ್ಟ ಪೇಟೆಯ ಪಕ್ಕದಿಂದ ಎಲನ್ ಕಣಿವೆಯೊಳಕ್ಕೆ ಹೋಗುವ ಕಾಲುಹಾದಿಯ ವಿಚಾರ. ಬರ್ಮಿಂಗ್‌ಹ್ಯಾಮ್ ನಗರಕ್ಕೆ ಕುಡಿಯುವ ನೀರು ಒದಗಿಸಲು 1893ರಲ್ಲಿ ಇಲ್ಲಿ ಅಣೆಕಟ್ಟುಗಳ ಕೆಲಸ ಆರಂಭವಾದಾಗ ಸರಕು ಸಾಗಿಸಲು ಹಾಕಿದ ರೈಲುದಾರಿಯ ಜಾಡನ್ನೇ ಈ ಹಾದಿ ಬಹುಮಟ್ಟಿಗೆ ಹಿಡಿದು ಸಾಗುತ್ತದೆ. ರೈಲು ಏರಬಲ್ಲಷ್ಟೇ ಏರು ಇರುವುದರಿಂದ ಮಂಡಿನೋವಿನವರೂ ಧೈರ್ಯವಾಗಿ ಹೊರಡಬಹುದು.

1904ರಲ್ಲಿ ಉದ್ಘಾಟನೆಯಾದ ಈ ಜಲಾಶಯಗಳ ನೀರು ಕೇವಲ ಇಳಿಜಾರನ್ನು ನಂಬಿಕೊಂಡು 73 ಮೈಲಿ ಹರಿದು ಬರ್ಮಿಂಗ್‌ಹ್ಯಾಮ್ ಮುಟ್ಟಲು ಸುಮಾರು ಒಂದೂವರೆ ದಿನ ಹಿಡಿಯುತ್ತದೆ; ಅಂದರೆ ಗಂಟೆಗೆ ಎರಡು ಮೈಲಿ. ಕೊರಳಿಗೆ ದುರ್ಬೀನು ತೂಗುಹಾಕಿಕೊಂಡು ಹೆಜ್ಜೆಗೊಮ್ಮೆ ನಿಲ್ಲುವ ನಮ್ಮಂಥವರ ವೇಗವೂ ಅಷ್ಟೆ.

ಆ ವೇಗದಲ್ಲಿ ನಡೆದರೆ ಮಾತ್ರ ಕಾಣುವ ಹಕ್ಕಿಯೊಂದಿದೆ. ಡಿಪ್ಪರ್ ಎಂದು ಅದರ ಹೆಸರು. ದುಂಡನೆಯ ಮೈ, ಬೆಳ್ಳನೆಯ ಎದೆ. ಹೊಳೆಯ ನಡುವಿನ ಬಂಡೆಯ ಮೇಲೆ ನಿಂತು, ಯಾರಿಗೋ ಪದೇ ಪದೇ ನಮಸ್ಕರಿಸುವಂತೆ ಮೈ ಕುಗ್ಗಿಸಿ ಎದ್ದು, ಆಮೇಲೆ ನೀರಿನೊಳಗೇ ಇಳಿದು ತಳದ ಕಲ್ಲುಗಳ ಸಂದಿಯಲ್ಲಿ ಹುಳು ಹುಡುಕುತ್ತದೆ.

ಆದರೆ ಈ ಸೀಮೆಯ ನಿಜವಾದ ಕಥಾನಾಯಕ ಕೆಂಪು ಹದ್ದು. ವೇಲ್ಸ್ ಭಾಷೆಯಲ್ಲಿ ಇದು 'ಬಾರ್ಕಿಡ್'. ನಮ್ಮ ಪೇಟೆಗಳ ಮೇಲೆ ಸುತ್ತುವ ಹದ್ದಿಗೆ ಇದು ಹತ್ತಿರದ ದಾಯಾದಿ; ಮೈಬಣ್ಣ ಕೆಂಚು, ಬಾಲದ ಕವಲು ಹೆಚ್ಚು ಆಳ. ಮಧ್ಯಯುಗದ ಲಂಡನ್ ಬೀದಿಗಳಲ್ಲಿ ಕೊಳಕು ತಿಂದು ಉಪಕಾರ ಮಾಡುತ್ತಿದ್ದ ಹದ್ದನ್ನು ಮುಂದೆ ಜನರು ಪೀಡೆಯೆಂದು ಬಗೆದು ಕೊಂದರು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನಲ್ಲಿ ಅದು ಗೂಡು ಕಟ್ಟುವುದು ನಿಂತುಹೋಗಿ, ಬೆರಳೆಣಿಕೆಯ ಜೋಡಿಗಳು ಈ ಗುಡ್ಡಗಳ ಓಕ್ ಕಾಡುಗಳಲ್ಲಿ ಮಾತ್ರ ಉಳಿದವು. ಈ ಜಾಗ ಹದ್ದಿಗೆ ಬಹಳ ಅನುಕೂಲವೆಂದು ನಾವು ಭಾವಿಸಬಾರದು. ಇಲ್ಲಿ ಮಳೆ ವಿಪರೀತ, ಆಹಾರ ಕಡಿಮೆ, ಬದುಕುಳಿಯುವ ಮರಿಗಳೂ ಕಡಿಮೆ. ಬಂದೂಕು ಹಿಡಿದವರು ಇಷ್ಟು ದೂರ ಬರುವುದು ಅಪರೂಪವಾಗಿತ್ತು ಎಂಬುದೇ ಅದರ ಭಾಗ್ಯ. 1903ರಲ್ಲಿ ಆರಂಭವಾದ ಗೂಡುಗಳ ಕಾವಲು ದಶಕಗಳ ಕಾಲ ನಡೆಯಿತು. 1989ರಿಂದ ಸ್ಪೇನ್ ಮತ್ತು ಸ್ವೀಡನ್ನಿನಿಂದ ಮರಿಗಳನ್ನು ತಂದು ಇಂಗ್ಲೆಂಡ್, ಸ್ಕಾಟ್ಲೆಂಡುಗಳಲ್ಲಿ ಬಿಟ್ಟ ಮೇಲೆ ಅಲ್ಲಿಯೂ ಅವು ಮತ್ತೆ ನೆಲೆಯೂರಿದವು.

ರೇಯಡರಿನ ಅಂಚಿನಲ್ಲಿರುವ ಗಿಗ್ರಿನ್ ಎಂಬ ತೋಟದಲ್ಲಿ ಇವಕ್ಕೆ ಮಧ್ಯಾಹ್ನ ಮಾಂಸ ಹಾಕುತ್ತಾರೆ. ನೂರಾರು ಹದ್ದುಗಳು ಒಮ್ಮೆಗೇ ಎರಗುವ ಆ ನೋಟ ಭರ್ಜರಿಯಾದುದೇ, ಆದರೂ ನನಗೆ ಅದರಲ್ಲಿ ಸ್ವಲ್ಪ ಸಂತೆಯ ಗದ್ದಲ ಕಾಣುತ್ತದೆ. ಹಾದಿಯ ತಿರುವಿನಲ್ಲಿ ಒಂಟಿ ಹದ್ದೊಂದು ರೆಕ್ಕೆ ಬಡಿಯದೆ, ಬಾಲವನ್ನಷ್ಟೇ ಚುಕ್ಕಾಣಿಯಂತೆ ಹೊರಳಿಸುತ್ತ ತಲೆಯ ಮೇಲೆ ಹಾದುಹೋಗುವುದನ್ನು ನೋಡುವ ಸುಖ ಬೇರೆ. ತೋಟಕ್ಕೆ ಹೋಗುವವರು ಒಂದು ಮಾತು ನೆನಪಿಡಬೇಕು: ಊಟದ ಸಮಯ ಚಳಿಗಾಲದಲ್ಲಿ ಎರಡು ಗಂಟೆ, ಬೇಸಿಗೆಯಲ್ಲಿ ಮೂರು. ಬ್ರಿಟನ್ನಿನಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರಲ್ಲ, ಹದ್ದುಗಳು ಮಾತ್ರ ಸೂರ್ಯನನ್ನೇ ನೋಡಿಕೊಂಡು ಬರುತ್ತವೆ.