ಮೀಟರ್ ಬಿಡಿ, ತಾರೀಖು ನೋಡಿ

ನಮಸ್ಕಾರ, ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಎಲ್ಲ ಗಾಡಿ ಮಂದಿಗೆ. ಇವತ್ತು ಕ್ಲಚ್ ಪ್ಲೇಟ್ ಬಗ್ಗೆ ಮಾತಾಡಬೇಕಿತ್ತು. ಅದನ್ನ ಮುಂದಿನ ವಾರಕ್ಕೆ ಹಾಕಿದ್ದೇನೆ. ಯಾಕಂದ್ರೆ ಹೋದ ವಿಡಿಯೋಗೆ ಒಂದು ಕಮೆಂಟ್ ಬಂದಿದೆ. ಓದ್ತೀನಿ, ಕೇಳಿ. "ನನ್ನ ಗಾಡಿ 8 ವರ್ಷದ್ದು. ಬರೇ 22 ಸಾವಿರ ಓಡೇದ. ಟಯರ್ ಬಟನ್ ಹೊಸದರಂಗ ಅದಾವ. ಬದ್ಲಿ ಮಾಡು ಅಂತೀರಲ್ಲ, ನೀವು ಟಯರ್ ಅಂಗಡಿ ಏಜೆಂಟ್ ಏನ್ರೀ?" ಅದಕ್ಕೆ ಬಿದ್ದ ಲೈಕ್ ನೋಡಿ ನನಗೆ ಸಿಟ್ಟೇ ಬಂತು. ಅಷ್ಟು ಜನ ಅಂಥ ಟಯರ್ ಮೇಲೆ ಮಕ್ಕಳನ್ನ ಕೂರಿಸಿಕೊಂಡು ಓಡಾಡ್ತಿದ್ದಾರೆ ಅಂತ ಅರ್ಥ ಅಲ್ವಾ?

ಏಜೆಂಟ್ ಅಂದವರಿಗೆ ಮೊದಲು ಉತ್ತರ. ಈ ಚಾನೆಲ್ ಯಾವ ಟಯರ್ ಅಂಗಡಿಯಿಂದಲೂ ಒಂದು ರೂಪಾಯಿ ತೊಗೊಂಡಿಲ್ಲ. ನೀವು ಸಬ್‌ಸ್ಕ್ರೈಬ್ ಮಾಡಿದ್ರೆ ಸಾಕು, ಅದರಲ್ಲೇ ನಡೆಯುತ್ತೆ. ಮಾಡಿಲ್ಲ ಅಂದ್ರೆ ಈಗಲೇ ಮಾಡಿ, ಆಮೇಲೆ ಮರೀತೀರಿ.

ಈಗ ವಿಷಯಕ್ಕೆ ಬರೋಣ. ಗಾಡಿಯ ಸಾಮಾನು ಕಿಲೋಮೀಟರ್‌ನಿಂದ ಮಾತ್ರ ಸವೆಯಲ್ಲ. ವರ್ಷದಿಂದಲೂ ಸವೆಯುತ್ತೆ. ನಿಂತ ಗಾಡಿಗೂ ವಯಸ್ಸಾಗುತ್ತೆ. ಬಟನ್ ಅಂದ್ರೆ ರಸ್ತೆಗೆ ತಾಗುವ ಟಯರ್ ಮೇಲ್ಮೈಯ ಉಬ್ಬು ಅಷ್ಟೇ. ಗಾಡಿಯ ಭಾರ ಹೊರೋದು ಅದರ ಪಕ್ಕದ ಗೋಡೆ, ಒಳಗಿನ ನೂಲು, ತಂತಿ. ಇವನ್ನೆಲ್ಲ ಹಿಡಿದಿರೋದು ರಬ್ಬರ್. ಆ ರಬ್ಬರ್ ಬಿಸಿಲಿಗೆ, ಗಾಳಿಯ ಆಮ್ಲಜನಕಕ್ಕೆ, ಓಝೋನ್‌ಗೆ ಗಟ್ಟಿಯಾಗ್ತಾ ಹೋಗುತ್ತೆ, ಆಮೇಲೆ ಬಿರುಕು ಬಿಡುತ್ತೆ. ಇದನ್ನ ತಡೆಯೋಕೆ ಕಂಪನಿಯವರು ರಬ್ಬರ್ ಒಳಗೇ ಒಂದು ಥರ ಮೇಣ ಬೆರೆಸಿರ್ತಾರೆ. ಟಯರ್ ಉರುಳಿ ಮಣಿದಾಗ ಆ ಮೇಣ ಚೆನ್ನಾಗಿ ಮೇಲೆ ಬಂದು ಕಾಪಾಡುತ್ತೆ. ಗಾಡಿ ತಿಂಗಳುಗಟ್ಟಲೆ ಅಲುಗಾಡದೆ ನಿಂತ್ರೆ ಅದು ಸರಿಯಾಗಿ ಬರೋದೇ ಇಲ್ಲ. "ಗಾಡಿ ಓಡೇ ಇಲ್ಲ" ಅಂತ ಹೆಮ್ಮೆ ಪಡ್ತೀರಲ್ಲ, ಓಡದೇ ಇದ್ದದ್ದೂ ಟಯರ್‌ಗೆ ಪೆಟ್ಟೇ!

ಮೊನ್ನೆ ಗೆಳೆಯರೊಬ್ಬರಿಗಾಗಿ ನವನಗರದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರ್ ನೋಡೋಕೆ ಹೋಗಿದ್ದೆ. ಮಾರುವವರ ಮಾತು ಗೊತ್ತಲ್ಲ, "ಡಾಕ್ಟರ್ ಗಾಡಿರೀ, ಮನೀಂದ ದವಾಖಾನಿ, ದವಾಖಾನಿಂದ ಮನಿ." ಟಯರ್ ಕಪ್ಪಗೆ ಮಿರಮಿರ ಮಿಂಚ್ತಿತ್ತು. ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಮುಂದಿನ ಟಯರ್‌ನ ಪಕ್ಕವನ್ನ ಹಸಿ ಬಟ್ಟೆಯಿಂದ ಜೋರಾಗಿ ಉಜ್ಜಿದೆ. ಪಾಲಿಶ್ ಎಲ್ಲ ಬಟ್ಟೆಗೆ ಬಂತು. ಕೆಳಗೆ ರಿಮ್ ಸುತ್ತ ಸಣ್ಣ ಸಣ್ಣ ಬಿರುಕು. ಉಗುರು ಒತ್ತಿದ್ರೆ ಒಳಗೆ ಹೋಗಲ್ಲ, ಅಷ್ಟು ಗಟ್ಟಿ. ಇಂಗ್ಲಿಷ್‌ನಲ್ಲಿ ಡಾಟ್ (DOT) ಅಂತ ಬರೆದ ಸಾಲಿನ ಕೊನೆಗೆ ನಾಲ್ಕು ಅಂಕಿ ಇತ್ತು, 1116. ಅಂದ್ರೆ 2016ನೇ ಇಸವಿಯ 11ನೇ ವಾರ ತಯಾರಾದ ಟಯರ್. ಬಟನ್ ಮಾತ್ರ ನಿಜವಾಗಿಯೂ ಹೊಸದರಂತೆ ಇತ್ತು! ನಮ್ಮ ಗೆಳೆಯರು ಆ ಗಾಡಿ ಬಿಟ್ಟು ಬಂದರು.

ಧಾರವಾಡ ಪೇಢಾ ತೊಗೊಳ್ಳುವಾಗ "ಇವತ್ತಿಂದೇನ್ರೀ?" ಅಂತ ಕೇಳದೆ ದುಡ್ಡು ಕೊಡಲ್ಲ ನಾವು. ಜೀವ ಹೊರುವ ಟಯರ್‌ಗೆ ಆ ಪ್ರಶ್ನೆ ಯಾಕೆ ಕೇಳಲ್ಲ? ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ಹೊರಗಡೆ ಕಾಣಲಿಲ್ಲ ಅಂದ್ರೆ ಒಳಗಿನ ಪಕ್ಕದಲ್ಲಿರುತ್ತೆ, ಬಗ್ಗಿ ನೋಡಿ. ಮಿಷೆಲಿನ್ ಕಂಪನಿ ಹೇಳೋದು, 5 ವರ್ಷ ಬಳಸಿದ ಮೇಲೆ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ, ತಯಾರಾಗಿ 10 ವರ್ಷ ಆದ್ರೆ ನೋಡೋಕೆ ಚೆನ್ನಾಗಿದ್ರೂ ತೆಗೆದುಬಿಡಿ ಅಂತ. 6 ವರ್ಷಕ್ಕೇ ಬದಲಿಸಿ ಅನ್ನುವ ಕಾರ್ ಕಂಪನಿಗಳೂ ಇವೆ. ಏಪ್ರಿಲ್ ತಿಂಗಳ ಗದಗಿನ ಬಿಸಿಲಿಗೆ ಗಾಡಿ ನಿಲ್ಲಿಸುವವರಿಗೆ ನಾನು ಹೇಳೋದು 6 ವರ್ಷ. ಬಟನ್ 1.6 ಮಿಲಿಮೀಟರ್‌ಗೆ ಇಳಿದ್ರೆ ಅದಕ್ಕೂ ಮೊದಲೇ ತೆಗೀಬೇಕು, ಅದರಲ್ಲಿ ಮಾತೇ ಇಲ್ಲ.

"ನಮ್ಮಪ್ಪ ರಿಟ್ರೆಡ್ ಮಾಡಿಸಿದ, ಅಂದ್ರೆ ಹಳೇದಕ್ಕೇ ಹೊಸ ಬಟನ್ ಕೂರಿಸಿದ ಟಯರ್ ಮೇಲೇ ಅಂಬಾಸಿಡರ್ ಓಡಿಸಿದ್ದ, ಏನೂ ಆಗಲಿಲ್ಲ" ಅಂತಾರೆ ಕೆಲವರು. ನಿಮ್ಮಪ್ಪ 50ರ ಮೇಲೆ ಹೋಗ್ತಿರಲಿಲ್ಲ ಮಾರಾಯ್ರೇ! ನೀವು ಹೆದ್ದಾರಿ 48ರಲ್ಲಿ ಹಾವೇರಿಗೆ 100ರಲ್ಲಿ ಹೋಗ್ತೀರಿ, ಮಧ್ಯಾಹ್ನ, ಎಸಿ ಹಾಕಿಕೊಂಡು.

ಬರೀ ಟಯರ್ ಅಲ್ಲ. ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದೀರಿ? ಗೊತ್ತಿಲ್ಲ ಅಲ್ವಾ? ಅದು ಗಾಳಿಯಲ್ಲಿನ ನೀರನ್ನ ಹೀರಿಕೊಳ್ಳುತ್ತೆ. ಗಾಡಿ ಶೆಡ್‌ನಲ್ಲಿ ನಿಂತಿದ್ರೂ ಹೀರುತ್ತೆ. ಡಾಟ್ 4 ಅನ್ನೋ ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಅದೇ ಆಯಿಲ್‌ಗೆ ನೂರಕ್ಕೆ ನಾಲ್ಕು ಪಾಲಿಗಿಂತ ಕಮ್ಮಿ ನೀರು ಸೇರಿದ್ರೂ ಆ ಮಟ್ಟ 155ಕ್ಕೆ ಇಳಿಯುತ್ತೆ. ಯಲ್ಲಾಪುರ ದಾಟಿ ಅಂಕೋಲಾ ಕಡೆ ಅರಬೈಲ್ ಘಾಟ್ ಇಳಿಯುವಾಗ ಕಾಲು ಬ್ರೇಕ್ ಮೇಲೇ ಇರುತ್ತೆ. ಬ್ರೇಕ್ ಬಿಸಿಯಾಗುತ್ತೆ, ಆಯಿಲ್ ಕುದ್ದು ಆವಿಯಾಗುತ್ತೆ, ಪೆಡಲ್ ಮೆತ್ತಗಾಗಿ ಸೀದಾ ಕೆಳಗೆ ಹೋಗುತ್ತೆ. ಮುಂದೆ ಲಾರಿ. ಆಗ "ಬರೇ 22 ಸಾವಿರ ಓಡೇದ" ಅಂತ ಯಾರಿಗೆ ಹೇಳ್ತೀರಿ? 2 ವರ್ಷಕ್ಕೊಮ್ಮೆ ಬದಲಿಸಿ. ಓಡಲಿ ಬಿಡಲಿ, 2 ವರ್ಷ.

ಗಾಡಿ ಜೊತೆ ಕೊಟ್ಟ ಪುಸ್ತಕ ತೆಗೀರಿ. ಎಂಜಿನ್ ಆಯಿಲ್ 10 ಸಾವಿರ ಕಿಲೋಮೀಟರ್ ಅಥವಾ 1 ವರ್ಷ, ಯಾವುದು ಮೊದಲೋ ಅದು ಅಂತ ಸಾಮಾನ್ಯವಾಗಿ ಇರುತ್ತೆ. ಎಂಜಿನ್‌ನ ಟೈಮಿಂಗ್ ಬೆಲ್ಟ್‌ಗೂ ಹಾಗೇ, ಕಿಲೋಮೀಟರ್ ಜೊತೆಗೆ ವರ್ಷ. "ಯಾವುದು ಮೊದಲೋ" ಅನ್ನೋದನ್ನ ಯಾರೂ ಓದಲ್ಲ. ಎಲ್ಲರೂ ಮೀಟರ್ ನೋಡ್ತಾರೆ! ಹುಬ್ಬಳ್ಳಿ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತಲ್ಲ ಅಂತ ಕೇಳ್ತೀರಿ. ಕಟ್ಟುತ್ತೆ, ಬೇಗ ಬದಲಿಸಿ, ಅದಕ್ಕೆ ಬೇರೆ ವಿಡಿಯೋ ಇದೆ. ವೈಪರ್ ರಬ್ಬರ್ ಅಂತೂ ಬೇಸಿಗೆಯಲ್ಲಿ ಒಣಗಿ, ಧಾರವಾಡದ ಮೊದಲ ಮಳೆಗೆ ಗಾಜಿನ ತುಂಬ ಗೆರೆ ಎಳೆಯುತ್ತೆ. ಎದುರು ಬರುವ ಚಿಗರಿ ಬಸ್ಸೂ ಮಸುಕು ಮಸುಕು. ಮಳೆಗಾಲಕ್ಕೆ ಮುಂಚೆ ಹೊಸದು ಹಾಕಿ, ಮುಗೀತು.

ದುಡ್ಡು ಜಾಸ್ತಿ ಆಗುತ್ತೆ ಅಂತೀರಾ? ಆಗುತ್ತೆ. ಸೀಟ್ ಕವರ್‌ಗೆ, ಸ್ಪೀಕರ್‌ಗೆ ಹಾಕೋಕೆ ಇರುತ್ತಲ್ಲ, ಆ ದುಡ್ಡು ಇಲ್ಲಿ ಹಾಕಿ. ಇನ್ನೂ ವಾದ ಮಾಡುವವರ ಜೊತೆ ನಾನು ಮಾತೇ ಆಡಲ್ಲ. ತಾರೀಖು ನೋಡಿ, ಅಷ್ಟೇ. ತಾರೀಖು!

ಈಗ ಫೋನ್ ಹಿಡಿದೇ ಗಾಡಿ ಹತ್ರ ಹೋಗಿ, ಟಾರ್ಚ್ ಹಾಕಿ, ನಾಲ್ಕು ಅಂಕಿ ಓದಿ ಕಮೆಂಟ್‌ನಲ್ಲಿ ಹಾಕಿ. ಒಂದೊಂದಕ್ಕೂ ನಾನೇ ಉತ್ತರ ಕೊಡ್ತೀನಿ. ಡಿಕ್ಕಿ ತೆಗೆದು ಸ್ಟೆಪ್ನಿದೂ ನೋಡಿ. ಗಾಡಿ ತೊಗೊಂಡ ದಿನದಿಂದ ಅದನ್ನ ಮುಟ್ಟೇ ಇರಲ್ಲ ನೀವು.