ತುಕ್ಕು ರೋಗ ಪಾಠ ಕಲಿಯುವುದಿಲ್ಲ

ಕೊಡಗಿನ ಬೆಳೆಗಾರ ಬಂಧುಗಳಿಗೆ ನಮಸ್ಕಾರ. 'ಕಾಫಿಯ ಎಲೆ ತುಕ್ಕು ಹೊಸ ತಳಿಗೂ ಒಗ್ಗಿಕೊಂಡುಬಿಟ್ಟಿತು' ಅನ್ನುತ್ತೀರಲ್ಲ, ದಯವಿಟ್ಟು ಆ ಮಾತು ಬಿಡಿ. ತುಕ್ಕು ತರುವ ರೋಗಾಣು ಒಂದು ಶಿಲೀಂಧ್ರ, ಅದು ಏನನ್ನೂ ಕಲಿಯುವುದಿಲ್ಲ. ಅದರ ಡಿಎನ್‌ಎ ನಕಲಾಗುವಾಗ ತಪ್ಪು ಮೊದಲು ಆಗುತ್ತದೆ, ಅದರ ಲಾಭ ಆಮೇಲೆ.

ಜೀವಕೋಶ ಎರಡಾಗುವ ಮುಂಚೆ ಅದರ ಡಿಎನ್‌ಎ, ಅಂದರೆ ಜೀವಿಯ ಗುಣಗಳನ್ನು ಬರೆದಿಟ್ಟ ಜೋಡಿ ಎಳೆ, ಪೂರ್ತಿ ನಕಲಾಗಬೇಕು. ಅಕ್ಷರ ನಾಲ್ಕೇ: ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಎಳೆಗಳು ಬಿಚ್ಚಿಕೊಳ್ಳುತ್ತವೆ, ಪಾಲಿಮರೇಸ್ ಎಂಬ ಕಿಣ್ವ ಒಂದೊಂದೇ ಜೋಡಿ ಅಕ್ಷರ ಕೂರಿಸುತ್ತ ಹೋಗುತ್ತದೆ. ಸುಮಾರು ಲಕ್ಷಕ್ಕೊಂದು ತಪ್ಪಾಗಿ ಕೂರುತ್ತದೆ. ಜಿ ಎದುರಿಗೆ ಟಿ ಕೂತಿತು ಅನ್ನಿ. ಜೋಡಿ ಹೊಂದದೆ ಕಿಣ್ವ ತಡವರಿಸುತ್ತದೆ, ಹಿಂದೆ ಸರಿದು ಟಿ ಕಿತ್ತು ಸಿ ಕೂರಿಸುತ್ತದೆ. ಅಲ್ಲೂ ತಪ್ಪಿಸಿಕೊಂಡದ್ದನ್ನು ಹಿಡಿಯಲು ಬೇರೆ ಪ್ರೋಟೀನುಗಳಿವೆ. ಕೊನೆಗೆ ಉಳಿಯುವುದು ನೂರು ಕೋಟಿಗೊಂದು ತಪ್ಪು. ಆದರೆ ಹಾಗೆ ಉಳಿದದ್ದು ಟಿ ಆದರೆ, ಮುಂದಿನ ನಕಲಿನಲ್ಲಿ ಆ ಟಿ ಎದುರಿಗೆ ಎ ಸರಿಯಾಗಿಯೇ ಕೂರುತ್ತದೆ. ಇನ್ನು ಅದನ್ನು ತಪ್ಪೆಂದು ಗುರುತಿಸುವವರಿಲ್ಲ. ಇದೇ ಮ್ಯುಟೇಶನ್.

ನೂರು ಕೋಟಿಗೊಂದು ತಾನೇ ಅನ್ನಬೇಡಿ. ಎಲೆಯಡಿಯ ಒಂದು ಕಿತ್ತಳೆ ಮಚ್ಚೆಯಿಂದಲೇ ಲಕ್ಷಗಟ್ಟಲೆ ಬೀಜಾಣು ಉದುರುತ್ತವೆ. ಸೋಮವಾರಪೇಟೆ ಕಡೆಯ ಅರೇಬಿಕಾ ತೋಟಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿ.

ಕೆಂಟ್ ತಳಿಯ ಕಥೆ ಹೇಳಲೇಬೇಕು. 1911ರಲ್ಲಿ ಮೈಸೂರು ಸೀಮೆಯ ತೋಟವೊಂದರಲ್ಲಿ ಕೆಂಟ್ ಎಂಬ ಪ್ಲಾಂಟರು ತುಕ್ಕು ಹಿಡಿಯದ ಗಿಡವೊಂದನ್ನು ಗುರುತಿಸಿದರು. ಬೀಜ ಊರೂರಿಗೆ ಹೋಯಿತು. ಕೆಲವು ವರ್ಷ ನೆಮ್ಮದಿ, ಆಮೇಲೆ ಅದರ ಎಲೆಯಲ್ಲೂ ಮಚ್ಚೆ! ರೋಗಾಣುವಿನ ಒಂದು ಪ್ರೋಟೀನನ್ನು ಗುರುತು ಹಿಡಿದೇ ಗಿಡ ಅದನ್ನು ತಡೆಯುವುದು. ಆ ಪ್ರೋಟೀನನ್ನು ಮಾಡಿಸುವ ಡಿಎನ್‌ಎ ಭಾಗದಲ್ಲೇ, ಅಂದರೆ ಜೀನ್‌ನಲ್ಲೇ, ನಕಲು ತಪ್ಪಿದ ಬೀಜಾಣುವನ್ನು ಗಿಡ ಗುರುತಿಸಲಿಲ್ಲ. ಹಳೆಯ ಗಿಡಗಳ ಮೇಲೆ ಆ ತಪ್ಪಿನಿಂದ ಲಾಭವಿರಲಿಲ್ಲ. ಎಲ್ಲೆಲ್ಲೂ ಕೆಂಟ್ ನೆಟ್ಟ ಮೇಲೆ ತಡೆಯುವವರೇ ಇಲ್ಲವಾಯಿತು. ತುಕ್ಕಿನಲ್ಲಿ ಬೇರೆ ಬೇರೆ ರೇಸ್‌ಗಳಿವೆ, ಅಂದರೆ ಬೇರೆ ಬೇರೆ ತಳಿಗೆ ಹಿಡಿಯುವ ಒಳಬಗೆಗಳಿವೆ ಎಂದು 1930ರ ದಶಕದಲ್ಲಿ ವಿಜ್ಞಾನಿ ಮೇಯ್ನ್ ತೋರಿಸಿದರು. ಕೆಂಟ್‌ನ ರಕ್ತವೇ ಇರುವ ಎಸ್.795 ಎಂಬ ತಳಿಗೂ ಮುಂದೆ ಹೀಗೇ ಆಯಿತು. ಗಿಡ ನೋಡಿ ತಪ್ಪು ಹುಟ್ಟಲಿಲ್ಲ, ತಪ್ಪು ಮೊದಲೇ ಇತ್ತು.

ಸಮಯ ಮುಗಿಯುತ್ತಿದೆ, ಬೇಗ ಹೇಳುತ್ತೇನೆ. ಬೀಜಾಣು ಕಡಿಮೆಯಾದರೆ ನಕಲು ಕಡಿಮೆ, ತಪ್ಪೂ ಕಡಿಮೆ. ಮಳೆಗೆ ಮುಂಚೆ ಒಮ್ಮೆ, ಮಳೆ ಇಳಿದ ಮೇಲೆ ಇನ್ನೊಮ್ಮೆ ಅರ್ಧ ಪರ್ಸೆಂಟ್ ಬೋರ್ಡೋ ದ್ರಾವಣ ಹೊಡೆಯಿರಿ. 200 ಲೀಟರ್ ಡ್ರಮ್ಮಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಒಳ್ಳೆಯ ಸುಣ್ಣ, ಬೇರೆ ಬೇರೆ ಕರಗಿಸಿ ಆಮೇಲೆ ಬೆರೆಸಿ. ತಾಮ್ರ ರೋಗಾಣುವನ್ನು ಹಲವು ಕಡೆ ಒಟ್ಟಿಗೆ ಹೊಡೆಯುತ್ತದೆ, ಒಂದಕ್ಷರ ತಪ್ಪಿದ ಮಾತ್ರಕ್ಕೆ ತಪ್ಪಿಸಿಕೊಳ್ಳಲಾಗದು. ಎಲೆಯ ಅಡಿಭಾಗ ನೆನೆಯಬೇಕು, ಮೇಲೆ ಮಾತ್ರ ಹೊಡೆದರೆ ದುಡ್ಡು ದಂಡ. ಹೊಡೆಯುವ ಮುಂಚೆ ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪು ಲೇಪ ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ.